ಮಾವಶಿಗೂ ಒಂದು ಮೆಟ್ಟಿಲು ಬೇಕು

ಕಾಲೇಜು ಪ್ರವೇಶದ ದಿನಗಳು ಬಂದರೆ ಸಾಕು, ಪುಣೆಯ ಮರಾಠಿ ಪತ್ರಿಕೆಗಳಲ್ಲೂ ನಮ್ಮ ಊರಿನ ಕನ್ನಡ ಪತ್ರಿಕೆಗಳಲ್ಲೂ ಒಂದೇ ಬಗೆಯ ಫೋಟೊ ಕಾಣಿಸುತ್ತದೆ. ಒಂದು ಕಡೆ ನರ್ಸಿಂಗ್ ಕಾಲೇಜಿನ ಅಧ್ಯಕ್ಷರು, ಇನ್ನೊಂದು ಕಡೆ ಆಸ್ಪತ್ರೆಯ ನಿರ್ದೇಶಕರು, ಇಬ್ಬರ ಕೈಯಲ್ಲೂ ಒಡಂಬಡಿಕೆಯ ಕಡತ. ಕಾಲೇಜಿಗೆ ವಿದ್ಯಾರ್ಥಿಗಳನ್ನು ಕಳಿಸಲು ವಾರ್ಡು ಬೇಕು, ಆಸ್ಪತ್ರೆಗೆ ನಾಳೆ ಕೆಲಸಕ್ಕೆ ನರ್ಸ್ ಬೇಕು. ಇಬ್ಬರ ಅಗತ್ಯವೂ ಆ ಕಡತದಲ್ಲಿ ಕೂಡುತ್ತದೆ. ತಪ್ಪೇನೂ ಇಲ್ಲ. ಆದರೆ ಅದೇ ವಾರ್ಡಿನಲ್ಲಿ ಹತ್ತು ವರ್ಷದಿಂದ ರೋಗಿಗಳ ಮೈ ಒರೆಸುತ್ತಿರುವ ಆಯಾ, ಸ್ಟ್ರೆಚರ್ ತಳ್ಳುತ್ತಿರುವ ವಾರ್ಡ್‌ಬಾಯ್, ಇವರ ಬಗ್ಗೆ ಅದರಲ್ಲಿ ಒಂದು ಸಾಲು ಇರುವುದು ಅಪರೂಪ. ಈ ವಾರದ ಅಂಕಣ ಆ ಇಲ್ಲದ ಸಾಲಿನ ಬಗ್ಗೆ.

ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಹಿಂಜವಡಿಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೂ ಈ ವಿಷಯದಲ್ಲಿ ಮಾತಾಡಲು ನನಗೆ ಎರಡು ಕಾರಣಗಳಿವೆ.

ಮೊದಲನೆಯದು ನನ್ನ ಓದು. ಜಮಖಂಡಿಯಲ್ಲಿ ಬಿಎಸ್‌ಸಿ ಮುಗಿಸಿದ ಮೇಲೆ ಮುಂದೆ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಕಂಪನಿಯೊಂದು ಕೆಲಸ ಕೊಟ್ಟಿತು, ತಿಂಗಳು ತಿಂಗಳು ಪಗಾರ ಕೊಟ್ಟಿತು, ಅದರ ಜತೆಗೆ ಎಂಟೆಕ್ ಕೂಡ ಮಾಡಿಸಿತು. ವಾರವೆಲ್ಲ ಕೆಲಸ, ಶನಿವಾರ ತರಗತಿ. ಐಟಿಯವರಿಗೆ ಇದು ಹೊಸದಲ್ಲ. ವಿಪ್ರೊ ಕಂಪನಿ ಬಿಟ್ಸ್ ಪಿಲಾನಿ ಜತೆ ಸೇರಿ 1990ರ ದಶಕದಲ್ಲೇ ಬಿಎಸ್‌ಸಿ ಪದವೀಧರರನ್ನು ಕೆಲಸಕ್ಕೆ ತೆಗೆದುಕೊಂಡು ಸ್ನಾತಕೋತ್ತರ ಪದವಿ ಓದಿಸಲು ಆರಂಭಿಸಿತ್ತು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಕೆಲಸ ಬಿಡದೆ, ಪಗಾರ ನಿಲ್ಲದೆ ಒಬ್ಬ ಬಡವರ ಮನೆಯ ಹುಡುಗ ಎಂಟೆಕ್ ಮಾಡಬಹುದು ಎಂಬುದಕ್ಕೆ ನನ್ನಂಥ ಸಾವಿರಾರು ಜನ ಸಾಕ್ಷಿ ಇದ್ದೇವೆ.

ಎರಡನೆಯದು ನಮ್ಮ ಅವ್ವ. ಎರಡು ವರ್ಷದ ಹಿಂದೆ ಪಿತ್ತಕೋಶದ ಆಪರೇಷನ್‌ಗೆ ಅವಳನ್ನು ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಅವ್ವನಿಗೆ ಮರಾಠಿ ಬರುವುದಿಲ್ಲ. ಎಂಟು ದಿನ ಅವಳ ನಾಲಿಗೆಯೂ ಕೈಯೂ ಆಗಿದ್ದವಳು ಇಂಡಿ ತಾಲ್ಲೂಕಿನ ಕಡೆಯ ಒಬ್ಬ ಆಯಾ. ಪುಣೆಯ ಆಸ್ಪತ್ರೆಗಳಲ್ಲಿ ಆಯಾಗಳನ್ನು ಎಲ್ಲರೂ ‘ಮಾವಶಿ’ ಅನ್ನುತ್ತಾರೆ, ವಾರ್ಡ್‌ಬಾಯ್‌ಗಳನ್ನು ‘ಮಾಮಾ’. ಚಿಕ್ಕಮ್ಮ, ಸೋದರಮಾವ. ಕರೆಯುವುದಕ್ಕೇನೋ ಬಂಧುಗಳೇ. ಆಪರೇಷನ್ ಆದ ಮರುದಿನ ರಾತ್ರಿ ಈ ಮಾವಶಿ ಅವ್ವನ ಹಾಸಿಗೆ ಬದಲಿಸಲು ಬಂದವಳು ಅವಳ ಹಣೆ ಮುಟ್ಟಿ ನೋಡಿ, ‘ಅಣ್ಣಾರ, ಇದು ಸೆಕಿಗಿ ಬಂದ ಬೆವರಲ್ರಿ, ಮೈ ತಣ್ಣಗ ಐತಿ, ಸಿಸ್ಟರ್‌ಗೆ ಹೇಳ್ತೇನ್ರಿ’ ಎಂದು ಓಡಿದಳು. ಸಿಸ್ಟರ್ ಬಂದು ರಕ್ತದ ಸಕ್ಕರೆ ನೋಡಿದರು, ತೀರ ಇಳಿದಿತ್ತು. ಗ್ಲೂಕೋಸ್ ಕೊಟ್ಟರು. ಅರ್ಧ ಗಂಟೆಯಲ್ಲಿ ಅವ್ವ ಮಾತಾಡಿದಳು.

ಇಲ್ಲಿ ಗಮನಿಸಬೇಕಾದದ್ದು ಎರಡು. ಮಾವಶಿ ಗುರುತಿಸಿದಳು, ಆದರೆ ಔಷಧಿಗೆ ಕೈ ಹಾಕಲಿಲ್ಲ. ಹಾಕಬಾರದಿತ್ತು ಕೂಡ. ಅದು ಸಿಸ್ಟರ್ ಕೆಲಸ. ಒಳ್ಳೆಯ ವಾರ್ಡು ಅಂದರೆ ಇದೇ: ಕಂಡವಳು ಹೇಳುತ್ತಾಳೆ, ಕಲಿತವಳು ಮಾಡುತ್ತಾಳೆ. ಆದರೆ ಕಂಡು ಹಿಡಿಯುವ ಕಣ್ಣು ಇದ್ದವಳು ಕಲಿತವಳು ಯಾಕೆ ಆಗಬಾರದು?

ಡಿಸ್ಚಾರ್ಜ್ ದಿನ ಅದನ್ನೇ ಕೇಳಿದೆ. ಅವಳ ಉತ್ತರ ಹೀಗಿತ್ತು: ‘ಪಿಯುಸಿ ಪಾಸ್ ಆಗೇನ್ರಿ. ನರ್ಸಿಂಗ್ ಮಾಡಬೇಕಂದ್ರ ಮೂರು ವರ್ಷ ಪಗಾರ ಬಿಡಬೇಕಲ್ರಿ. ಅಲ್ಲೀತನಕ ಮನಿ ಯಾರು ನಡಸ್ತಾರ್ರಿ?’ ಆಕೆಗೆ ಆಗ 33 ವರ್ಷ. ತಿಂಗಳಿಗೆ 14,000 ರೂಪಾಯಿ ಸಂಬಳ.

ಮೂರು ಬೀಗಗಳು

ಲೆಕ್ಕ ಸರಳ. 14,000 ರೂಪಾಯಿಯಂತೆ 36 ತಿಂಗಳಿಗೆ 5 ಲಕ್ಷ 4 ಸಾವಿರ. ಕಾಲೇಜಿನ ಶುಲ್ಕ, ಸಮವಸ್ತ್ರ, ಪುಸ್ತಕ ಇದರ ಮೇಲೆ. ವಿದ್ಯಾರ್ಥಿವೇತನ ಕೊಡುವವರು ಸಾಮಾನ್ಯವಾಗಿ ನೋಡುವುದು ಶುಲ್ಕವನ್ನು. ಆದರೆ ಕೆಲಸದಲ್ಲಿರುವ ಹೆಣ್ಣುಮಗಳ ದಾರಿಗೆ ಅಡ್ಡ ಬಿದ್ದಿರುವ ದೊಡ್ಡ ಬಂಡೆ ಶುಲ್ಕವಲ್ಲ, ನಿಂತುಹೋಗುವ ಪಗಾರ. ಇದು ಮೊದಲನೆಯ ಬೀಗ.

ಎರಡನೆಯದು ವಯಸ್ಸು. ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಮೂರು ವರ್ಷದ ಜಿಎನ್‌ಎಂ ಕೋರ್ಸಿಗೆ ಸೇರಲು ಗರಿಷ್ಠ ವಯಸ್ಸು 35. ಈಗಾಗಲೇ ಎಎನ್‌ಎಂ ಆಗಿ ನೋಂದಣಿ ಆದವರಿಗೆ ಮಾತ್ರ ಈ ಮಿತಿ ಇಲ್ಲ. ಅಂದರೆ ಕೆಲಸ ಮಾಡುತ್ತಲೇ ಮೇಲೇರುವವರಿಗೆ ವಯಸ್ಸು ಅಡ್ಡ ಬರಬಾರದು ಎಂಬ ತತ್ವವನ್ನು ಪರಿಷತ್ತೇ ಒಪ್ಪಿದೆ. ಅದೇ ತತ್ವ ಹತ್ತು ವರ್ಷ ವಾರ್ಡಿನಲ್ಲಿ ದುಡಿದ ಆಯಾಗೆ ಅನ್ವಯ ಆಗುವುದಿಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾಗಿ, ಇನ್ನು ನಾನು ಓದಬಹುದು ಅನ್ನಿಸುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಮೂರನೆಯದು ಸಮಯ. ನಾನು ಎಂಟೆಕ್ ಮಾಡಿದ ಹಾಗೆ ಶನಿವಾರದ ತರಗತಿಯಲ್ಲಿ ನರ್ಸ್ ಆಗಲು ಬರುವುದಿಲ್ಲ. ಅದು ಸರಿಯೂ ಹೌದು. ಮಕ್ಕಳ ವಾರ್ಡು, ಹೆರಿಗೆ ವಾರ್ಡು, ಆಪರೇಷನ್ ಥಿಯೇಟರು, ಮಾನಸಿಕ ರೋಗಿಗಳ ವಾರ್ಡು, ಹಳ್ಳಿಯ ಆರೋಗ್ಯ ಕೇಂದ್ರ ಎಲ್ಲ ಕಡೆಯೂ ನಿಗದಿತ ಗಂಟೆಗಳ ತರಬೇತಿ ಆಗಬೇಕು. ತರಗತಿಗೆ ಕನಿಷ್ಠ ಶೇ 80 ಹಾಜರಿ ಬೇಕು. ವಾರ್ಡಿನ ತರಬೇತಿಯಂತೂ ಪೂರ್ತಿ ಆಗದೆ ಪ್ರಮಾಣಪತ್ರ ಸಿಗುವುದಿಲ್ಲ. ಆಯಾ ಆಗಿ ಮಾಡಿದ ಡ್ಯೂಟಿಯನ್ನು ಈ ಗಂಟೆಗಳಲ್ಲಿ ಸೇರಿಸಿಕೊಳ್ಳುವಂತಿಲ್ಲ. ಹಾಗಾಗಿ ಪೂರ್ಣಾವಧಿ ಕೆಲಸ ಮತ್ತು ಪೂರ್ಣಾವಧಿ ಓದು ಎರಡೂ ಒಟ್ಟಿಗೆ ಸಾಗವು. ಓದುವಾಗ ಕೆಲಸ ಕಡಿಮೆಯಾಗಬೇಕು, ಪಗಾರ ಮಾತ್ರ ನಿಲ್ಲಬಾರದು. ಇದನ್ನು ಒಬ್ಬ ಆಯಾ ಒಂಟಿಯಾಗಿ ಹೊಂದಿಸಲಾರಳು. ಕಾಲೇಜು ಮತ್ತು ಆಸ್ಪತ್ರೆ ಕೂಡಿದರೆ ಹೊಂದಿಸಬಹುದು.

ಪುಣೆಗೆ ಇದು ಹೊಸದಲ್ಲ

ಇದು ಎಲ್ಲಿಂದಲೋ ತಂದ ಕಲ್ಪನೆ ಅನ್ನುವವರು ಪುಣೆಯ ಇತಿಹಾಸವನ್ನೇ ನೋಡಬಹುದು. ರೈಲು ನಿಲ್ದಾಣದ ಹತ್ತಿರ ಇರುವ ಸಸೂನ್ ಸರ್ಕಾರಿ ಆಸ್ಪತ್ರೆ ನಮ್ಮ ಕಲಬುರಗಿ, ವಿಜಯಪುರ ಕಡೆಯಿಂದ ಕೂಲಿಗೆ ಬಂದವರಿಗೂ ಪರಿಚಿತ. ಡೇವಿಡ್ ಸಸೂನ್ ಅವರ ದಾನದಿಂದ ಕಟ್ಟಿದ ಈ ಆಸ್ಪತ್ರೆ 1867ರಷ್ಟು ಹಳೆಯದು. 1909ರಲ್ಲಿ ಇದೇ ಊರಿನಲ್ಲಿ ಪುಣೆ ಸೇವಾ ಸದನ ಆರಂಭವಾಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪತ್ನಿ ರಮಾಬಾಯಿ ರಾನಡೆ ಅದರ ಅಧ್ಯಕ್ಷೆ. ಭಾರತ ಸೇವಕ ಸಮಾಜದ ಗೋಪಾಲಕೃಷ್ಣ ದೇವಧರ ಅದರ ಸಂಘಟಕರು.

ಆಗ ನರ್ಸಿಂಗ್ ಅಂದರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಮಾಡುವ ಕೆಲಸವಲ್ಲ ಎಂಬ ಭಾವನೆ ಗಟ್ಟಿಯಾಗಿತ್ತು. ಪರಪುರುಷರ ಮೈ ಮುಟ್ಟುವುದು, ಮಲಮೂತ್ರ ತೆಗೆಯುವುದು, ರಾತ್ರಿ ಪಾಳಿ ಮಾಡುವುದು, ಎಲ್ಲವೂ ಜಾತಿಗೂ ಮಾನಕ್ಕೂ ಕುಂದು ಎನ್ನುತ್ತಿದ್ದರು. ಅಂಥ ಕಾಲದಲ್ಲಿ ಸೇವಾ ಸದನ ವಿಧವೆಯರನ್ನೂ ಬಡ ಹೆಣ್ಣುಮಕ್ಕಳನ್ನೂ ಸಸೂನ್ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಕಳಿಸಿತು. ಬರೀ ಅರ್ಜಿ ಬರೆದುಕೊಟ್ಟು ಕಳಿಸಲಿಲ್ಲ. ಅವರಿಗೆ ಇರಲು ವಸತಿ ನಿಲಯ ಮಾಡಿತು, ಖರ್ಚಿಗೆ ನೆರವು ಕೊಟ್ಟಿತು, ಊರಿನ ಬಾಯಿಗೆ ತಾನು ಎದುರಾಗಿ ನಿಂತಿತು.

ಈ ಹಳೆಯ ಏರ್ಪಾಟಿನಲ್ಲಿ ಮೂರು ಕೈಗಳು ಇದ್ದವು. ಕಲಿಸಲು ಆಸ್ಪತ್ರೆ, ಓದಿಗೆ ಶಿಸ್ತು ಕೊಡಲು ಸಂಸ್ಥೆ, ಕಲಿಯುವವಳ ಹೊಟ್ಟೆ, ನೆತ್ತಿ ನೋಡಿಕೊಳ್ಳಲು ಒಂದು ಆಸರೆ. ಇವತ್ತಿನ ಒಡಂಬಡಿಕೆಗಳಲ್ಲಿ ಮೊದಲ ಎರಡು ಕೈಗಳು ಕಾಣುತ್ತವೆ. ಮೂರನೆಯದು ಮಾಯವಾಗಿದೆ.

ನಮ್ಮ ಗಡಿಯ ಪಕ್ಕದಲ್ಲೇ ಇರುವ ಮಿರಜ್ ಕೂಡ ಇದೇ ಪಾಠ ಹೇಳುತ್ತದೆ. ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ತೆರೆದ ಮಿಷನ್ ಆಸ್ಪತ್ರೆಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ರೋಗಿಗಳು ತಲೆಮಾರುಗಳಿಂದ ಹೋಗಿದ್ದಾರೆ. ಆ ಆಸ್ಪತ್ರೆ ಪಟ್ಟಣದಿಂದ ತರಬೇತಾದ ನರ್ಸ್‌ಗಳು ಬರಲಿ ಎಂದು ಕಾಯುತ್ತ ಕೂರಲಿಲ್ಲ. ತನ್ನದೇ ನರ್ಸಿಂಗ್ ಶಾಲೆ ಕಟ್ಟಿಕೊಂಡಿತು. ಇನ್ನು ದುಡಿಯುತ್ತ ಓದುವುದಂತೂ ಮಹಾರಾಷ್ಟ್ರದ ಮಣ್ಣಿನಲ್ಲೇ ಇದೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರ ‘ಕಮವಾ ವ ಶಿಕಾ’, ಅಂದರೆ ಗಳಿಸು ಮತ್ತು ಕಲಿ, ಇವತ್ತಿಗೂ ಪುಣೆ ವಿಶ್ವವಿದ್ಯಾಲಯದಲ್ಲಿ ಯೋಜನೆಯ ಹೆಸರಾಗಿ ಉಳಿದಿದೆ. ಅದನ್ನು ಆಸ್ಪತ್ರೆಯ ವಾರ್ಡಿನೊಳಗೆ ತರುವುದಷ್ಟೇ ಬಾಕಿ.

ಹೊರಗಿನವರು ಏನು ಮಾಡಿದರು

ಇಂಗ್ಲೆಂಡಿನಲ್ಲಿ 2017ರಿಂದ ಒಂದು ಪ್ರಯೋಗ ನಡೆದಿದೆ. ಆಸ್ಪತ್ರೆಗಳಲ್ಲಿ ಸಹಾಯಕರಾಗಿ ದುಡಿಯುವವರು ಪಗಾರ ಪಡೆಯುತ್ತಲೇ ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿ ‘ನರ್ಸಿಂಗ್ ಅಸೋಸಿಯೇಟ್’ ಆಗುತ್ತಾರೆ. 2019ರ ಜನವರಿಯಿಂದ ಅವರಿಗೆ ಅಲ್ಲಿಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಪ್ರತ್ಯೇಕ ನೋಂದಣಿ ಇದೆ. ಬೇಕೆಂದವರು ಮುಂದೆ ಓದಿ ಪೂರ್ಣ ನರ್ಸ್ ಆಗಬಹುದು. ಹಿಂದೆ ಕಲಿತದ್ದು ಲೆಕ್ಕಕ್ಕೆ ಸೇರುತ್ತದೆ. ನ್ಯೂಯಾರ್ಕಿನಲ್ಲಿ ಆಸ್ಪತ್ರೆ ಕಾರ್ಮಿಕರ ‘1199’ ಸಂಘ 1969ರಲ್ಲೇ ಆಸ್ಪತ್ರೆಗಳ ಜತೆ ಮಾತಾಡಿ ತರಬೇತಿ ನಿಧಿಯೊಂದನ್ನು ಮಾಡಿತು. ಮಾಲೀಕರು ನಿಧಿಗೆ ಹಣ ಕಟ್ಟುತ್ತಾರೆ, ಕಸ ಗುಡಿಸುವವರು, ಅಡುಗೆಯವರು, ವಾರ್ಡಿನ ಸಹಾಯಕರು ಅದರಿಂದ ಓದಿ ಮೇಲೇರುತ್ತಾರೆ.

ನಮ್ಮ ದೇಶದಲ್ಲೂ ಮೆಟ್ಟಿಲುಗಳು ಇಲ್ಲವೇ ಇಲ್ಲ ಎಂದಲ್ಲ. ಜಿಎನ್‌ಎಂ ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸ್ ಮಾಡಿ ಬಿಎಸ್‌ಸಿ ಪದವಿ ಪಡೆಯಬಹುದು. ಕೆಲಸದಲ್ಲಿರುವ ನರ್ಸ್‌ಗಳಿಗಾಗಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ 1990ರ ದಶಕದಲ್ಲೇ ಇದಕ್ಕೆ ದಾರಿ ಮಾಡಿತು. ಆಶಾ ಕಾರ್ಯಕರ್ತೆಯರಿಗೆ ಎಎನ್‌ಎಂ, ಜಿಎನ್‌ಎಂ ಶಾಲೆಗಳಲ್ಲಿ ಆದ್ಯತೆ ಕೊಡಬೇಕು ಎಂದು ರಾಷ್ಟ್ರೀಯ ಆರೋಗ್ಯ ಅಭಿಯಾನ ಹೇಳುತ್ತದೆ. ಮಹಡಿಯ ಮೇಲೆ ಮೆಟ್ಟಿಲಿದೆ, ಅಂಗಳದಲ್ಲೂ ಒಂದಿದೆ. ಅಂಗಳದಿಂದ ಮಹಡಿಗೆ ಏರುವ ನಡುವಿನ ಮೆಟ್ಟಿಲುಗಳು ಮುರಿದಿವೆ. ಕೋವಿಡ್ ಎರಡನೇ ಅಲೆಯ ನಂತರ, 2021ರ ಜೂನ್‌ನಲ್ಲಿ, ಒಂದು ಲಕ್ಷ ಜನರಿಗೆ ಆರೋಗ್ಯ ಸಹಾಯಕರ ಕಿರು ತರಬೇತಿ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ಆರಂಭಿಸಿತು. ಒಳ್ಳೆಯ ಕೆಲಸವೇ. ಆದರೆ ಅಂಥ ಸರ್ಟಿಫಿಕೇಟ್ ಹಿಡಿದವರು ಜಿಎನ್‌ಎಂ ಶಾಲೆಯ ಬಾಗಿಲಿಗೆ ಹೋದರೆ ಅವರ ಅನುಭವಕ್ಕೆ ಬೆಲೆ ಕಟ್ಟುವವರಿಲ್ಲ.

ನರ್ಸ್‌ಗಳ ಕೊರತೆ ಸುಳ್ಳೂ ಅಲ್ಲ. ಕೆಲ ವರ್ಷಗಳ ಹಿಂದೆ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ದೇಶದಲ್ಲಿ 1,000 ಜನರಿಗೆ 1.96 ನರ್ಸ್‌ಗಳಿದ್ದಾರೆ, ಇರಬೇಕಾದದ್ದು 3. ಆ 1.96ರಲ್ಲಿ ಕೂಡ ಕೆಲಸ ಬಿಟ್ಟವರು, ಕೊಲ್ಲಿಗೆ, ಇಂಗ್ಲೆಂಡಿಗೆ ಹೋದವರು ಸೇರಿರುತ್ತಾರೆ. 2023ರಲ್ಲಿ ಕೇಂದ್ರ ಸಚಿವ ಸಂಪುಟ 1,570 ಕೋಟಿ ರೂಪಾಯಿ ವೆಚ್ಚದಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ಅವು ವೈದ್ಯಕೀಯ ಕಾಲೇಜುಗಳ ಆವರಣದಲ್ಲೇ ಬರುತ್ತವೆ, ಅಂದರೆ ಆಸ್ಪತ್ರೆ ಪಕ್ಕದಲ್ಲೇ ಇರುತ್ತದೆ. ಕಟ್ಟಡಕ್ಕೆ ಕಟ್ಟಡ ಕೂಡಿದೆ. ವಾರ್ಡಿನವರನ್ನು ತರಗತಿಗೆ ಕೂಡಿಸುವ ಸಾಲೊಂದನ್ನು ಈಗಲೇ ಬರೆಯಬಹುದು.

ಅಡ್ಡದಾರಿ ಬೇಡ

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಹೇಳಬೇಕು. ಆಯಾಗೆ ಬಿಳಿ ಕೋಟು ತೊಡಿಸಿ ಇಂಜೆಕ್ಷನ್ ಕೊಡಿಸುವ ಚಾಳಿ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಎಷ್ಟೋ ಕಡೆ ಇದೆ ಎಂಬುದು ಓದುಗರಿಗೆ ಗೊತ್ತಿರುವ ಗುಟ್ಟು. ನಾನು ಕೇಳುತ್ತಿರುವುದು ಅದನ್ನಲ್ಲ. 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳ ಅಧ್ಯಯನ ಬಂತು. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿಯ ಹೊರೆ ಹೆಚ್ಚಿದಾಗ ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚಿತ್ತು. ಪದವಿ ಪಡೆದ ನರ್ಸ್‌ಗಳ ಪಾಲು ಶೇ 10ರಷ್ಟು ಏರಿದಲ್ಲಿ ಆ ಸಂಭವ ಶೇ 7ರಷ್ಟು ಇಳಿದಿತ್ತು. ಅಂದರೆ ನರ್ಸಿನ ಓದು ರೋಗಿಯ ಜೀವದ ಪ್ರಶ್ನೆ. ನರ್ಸ್ ಜಾಗದಲ್ಲಿ ಆಯಾಳನ್ನು ನಿಲ್ಲಿಸುವುದು ಉಳಿತಾಯವಲ್ಲ. ಆಯಾಳನ್ನು ಓದಿಸಿ ನರ್ಸ್ ಮಾಡುವುದು ಬೇರೆ ಮಾತು. ಪಠ್ಯ ಅದೇ ಇರಬೇಕು, ಪರೀಕ್ಷೆ ಅದೇ ಇರಬೇಕು, ಹಾಜರಿಯಲ್ಲಿ ಒಂದು ಗಂಟೆಯೂ ಕಡಿಮೆ ಆಗಬಾರದು.

ಎರಡನೆಯ ಎಚ್ಚರಿಕೆ ಕಾಗದದ ಆಸ್ಪತ್ರೆಗಳದು. ಮಧ್ಯಪ್ರದೇಶದಲ್ಲಿ ನರ್ಸಿಂಗ್ ಕಾಲೇಜುಗಳ ಅವ್ಯವಹಾರ ಹೈಕೋರ್ಟ್ ಮೆಟ್ಟಿಲೇರಿ, ಕಾಲೇಜುಗಳ ತಪಾಸಣೆ ಸಿಬಿಐ ಪಾಲಿಗೆ ಬಂತು. 2024ರ ಮೇ ತಿಂಗಳಲ್ಲಿ ತಪಾಸಣೆಯ ತಂಡದಲ್ಲಿದ್ದ ಸಿಬಿಐ ಅಧಿಕಾರಿಯೇ ಲಂಚದ ಆರೋಪದಲ್ಲಿ ಬಂಧನಕ್ಕೆ ಒಳಗಾದರು. ರೋಗಿಗಳೇ ಇಲ್ಲದ ವಾರ್ಡಿನಲ್ಲಿ ಯಾರೂ ನರ್ಸ್ ಆಗಲಾರರು. ನೂರಾರು ನರ್ಸಿಂಗ್ ಕಾಲೇಜುಗಳಿರುವ ಕರ್ನಾಟಕ ಈ ಪಾಠವನ್ನು ಬೇರೆ ರಾಜ್ಯದ್ದು ಎಂದು ತಳ್ಳಿಹಾಕುವಂತಿಲ್ಲ.

ಮೂರನೆಯದು ಬಾಂಡ್. ‘ಓದಿಸಿದ ಮೇಲೆ ಬಿಟ್ಟು ಹೋದರೆ?’ ಎಂದು ಆಸ್ಪತ್ರೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನೂ ಎಂಟೆಕ್ ಸೇರುವಾಗ ಇಷ್ಟು ವರ್ಷ ಕಂಪನಿ ಬಿಡುವುದಿಲ್ಲ ಎಂದು ಸಹಿ ಹಾಕಿದ್ದೆ. ಆದರೆ ನನ್ನ ಅಂಕಪಟ್ಟಿಯನ್ನು ಯಾರೂ ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ನರ್ಸ್‌ಗಳ ವಿಷಯದಲ್ಲಿ ಅದೂ ಆಗಿದೆ. 2011-12ರ ಸುಮಾರಿಗೆ ಮುಂಬೈ, ದೆಹಲಿ, ಕೇರಳದಲ್ಲಿ ನರ್ಸ್‌ಗಳು ಬೀದಿಗೆ ಇಳಿದದ್ದಕ್ಕೆ ಬಾಂಡ್ ಮತ್ತು ಕಡಿಮೆ ಸಂಬಳ ಎರಡೂ ಕಾರಣ. ಆಮೇಲೆ ಸುಪ್ರೀಂ ಕೋರ್ಟ್ ಸೂಚನೆಯಂತೆ 2016ರಲ್ಲಿ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆಗಿಂತ ದೊಡ್ಡದರಲ್ಲಿ ಸರ್ಕಾರಿ ಸಂಬಳಕ್ಕೆ ಸಮ ಇರಬೇಕು ಎಂದು ಶಿಫಾರಸು ಮಾಡಿತು. ಅದು ಎಲ್ಲೆಲ್ಲಿ ಜಾರಿಯಾಗಿದೆ ಎಂದು ನಿಮ್ಮ ಪಕ್ಕದ ಆಸ್ಪತ್ರೆಯ ಸಿಸ್ಟರ್ ಅನ್ನೇ ಕೇಳಿ. ಸಂಬಳ ಸರಿಯಿದ್ದರೆ ಬಾಂಡ್ ಬೇಡ. ಸಂಬಳ ಸರಿಯಿಲ್ಲದಿದ್ದರೆ ಬಾಂಡ್ ನಿಲ್ಲದು.

ಆ ಸಾಲಿನಲ್ಲಿ ಏನಿರಬೇಕು

ಹಾಗಾದರೆ ಒಡಂಬಡಿಕೆಯಲ್ಲಿ ಏನು ಬರೆಯಬೇಕು? ನನಗೆ ತೋಚುವುದು ಇಷ್ಟು. ಕಾಲೇಜು ಪ್ರತಿ ವರ್ಷ ಕೆಲವು ಸೀಟುಗಳನ್ನು, 60ಕ್ಕೆ ಮೂರು ಆದರೂ ಸಾಕು, ಪಾಲುದಾರ ಆಸ್ಪತ್ರೆಯ ನೌಕರರಿಗೆ ಮೀಸಲಿಡಬೇಕು. ಪ್ರವೇಶದ ಅರ್ಹತೆ ಸಡಿಲಿಸುವುದು ಬೇಡ. ಅದರ ಬದಲು ಮೊದಲೇ ಆರು ತಿಂಗಳು ಇಂಗ್ಲಿಷ್, ವಿಜ್ಞಾನದ ತಯಾರಿ ತರಗತಿ ನಡೆಸಬೇಕು, ಕನ್ನಡದಲ್ಲಿ ಅಥವಾ ಮರಾಠಿಯಲ್ಲಿ ವಿವರಿಸಿ. ಪಿಯುಸಿ ಓದಿ ಹದಿನೈದು ವರ್ಷ ಆದವರಿಗೆ ಮೊದಲ ಸೆಮಿಸ್ಟರ್ ನುಂಗಿಹಾಕುವುದು ಇಂಗ್ಲಿಷೇ. ಆಸ್ಪತ್ರೆ ಓದಿನ ಅವಧಿಯಲ್ಲಿ ಪಗಾರದ ದೊಡ್ಡ ಪಾಲನ್ನು ಮುಂದುವರಿಸಬೇಕು, ಪಿಎಫ್, ಇಎಸ್‌ಐ ಮುರಿಯಬಾರದು. ರಜೆಯ ದಿನಗಳಲ್ಲಿ ಡ್ಯೂಟಿ ಕೊಡಬಹುದು, ಪರೀಕ್ಷೆಯ ತಿಂಗಳು ಕೊಡಬಾರದು. ನರ್ಸ್ ಆಗಿ ಬಂದ ದಿನ ನರ್ಸಿನ ಸಂಬಳ ಸಿಗಬೇಕು. ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವಂತಿಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು.

ಹೊರಗುತ್ತಿಗೆಯ ಪ್ರಶ್ನೆ ಇಲ್ಲಿ ಎದ್ದೇ ಏಳುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ಮಾವಶಿ, ಮಾಮಾ ಯಾರೂ ಆಸ್ಪತ್ರೆಯ ನೌಕರರೇ ಅಲ್ಲ, ಗುತ್ತಿಗೆದಾರನ ಆಳುಗಳು. ಗುತ್ತಿಗೆ ಬದಲಾದರೆ ಹತ್ತು ವರ್ಷದ ಅನುಭವವೂ ಕಾಗದದಲ್ಲಿ ಸೊನ್ನೆ. ಆದ್ದರಿಂದ ಯಾರ ರಿಜಿಸ್ಟರಿನಲ್ಲಿ ಹೆಸರಿದೆ ಎನ್ನುವುದಕ್ಕಿಂತ ಎಷ್ಟು ವರ್ಷ ಆ ವಾರ್ಡಿನಲ್ಲಿ ದುಡಿದರು ಎಂಬುದು ಅರ್ಹತೆಯ ಅಳತೆ ಆಗಬೇಕು.

ಸರ್ಕಾರದ ಪಾಲೂ ಇದೆ. 1947ರ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಹೊಸ ನಿಯಮ ಬರೆಯುವಾಗ ಕೆಲಸದಲ್ಲಿರುವವರಿಗೆ 35ರ ವಯೋಮಿತಿ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಬಾರದು. ಕರ್ನಾಟಕದ ಮಟ್ಟಿಗೆ ಬೀದರ್, ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿವೆ, ದೊಡ್ಡ ಆಸ್ಪತ್ರೆಗಳಿವೆ. ಪ್ರಯೋಗವನ್ನು ಅಲ್ಲಿಂದಲೇ ಆರಂಭಿಸಬಹುದು. ಆ ಕಡೆಯ ಹೆಣ್ಣುಮಕ್ಕಳು ಪುಣೆಗೆ ಬಂದು ಹೆಚ್ಚಾಗಿ ಆಯಾ ಆಗುತ್ತಿರುವುದನ್ನು ನಾವು ಇಲ್ಲಿ ಕಣ್ಣಾರೆ ನೋಡುತ್ತಿದ್ದೇವೆ. ಅವರು ತಮ್ಮ ಜಿಲ್ಲೆಯಲ್ಲೇ ನರ್ಸ್ ಆದರೆ, ಊರಿನ ಭಾಷೆ ಬಲ್ಲ, ಊರು ಬಿಟ್ಟು ಹೋಗಲು ಆತುರವಿಲ್ಲದ ನರ್ಸ್ ಆ ಜಿಲ್ಲೆಗೆ ಸಿಗುತ್ತಾಳೆ.

ಕೊನೆಗೆ ನಮ್ಮಂಥವರ ಪಾಲು. ಪುಣೆಯಲ್ಲಿ ಕನ್ನಡಿಗರು ಕಟ್ಟಿದ ಶಾಲೆಗಳಿವೆ, ಸಂಘಗಳಿವೆ, ಹೋಟೆಲಿನಿಂದ ಐಟಿವರೆಗೆ ಗಳಿಸಿದವರಿದ್ದಾರೆ. ರಾಜ್ಯೋತ್ಸವಕ್ಕೆ ಧ್ವಜ ಏರಿಸುತ್ತೇವೆ, ಸಂತೋಷ. ಅದರ ಜತೆಗೆ ವರ್ಷಕ್ಕೆ ಒಬ್ಬ ಮಾವಶಿಯ ಮೂರು ವರ್ಷದ ಪಗಾರದ ಅರ್ಧ ಭಾಗವನ್ನು ಹೊರುವ ನಿಧಿ ಮಾಡುವುದು ಅಂಥ ದೊಡ್ಡ ಮಾತಲ್ಲ. 1909ರಲ್ಲಿ ಈ ಊರಿನ ಜನ ಮೂರನೆಯ ಕೈಯಾಗಿ ನಿಂತದ್ದು ದಾನ ಮಾಡಿದ ಹೆಮ್ಮೆಗಲ್ಲ, ತಮ್ಮ ಊರಿಗೆ ನರ್ಸ್‌ಗಳು ಬೇಕು ಎಂಬ ಅಗತ್ಯಕ್ಕೆ. ಅಗತ್ಯ ಇವತ್ತಿಗೂ ಅದೇ ಇದೆ. ಮುಂದಿನ ಸಲ ಯಾವುದಾದರೂ ಒಡಂಬಡಿಕೆಯ ಫೋಟೊ ಪತ್ರಿಕೆಯಲ್ಲಿ ಬಂದಾಗ, ಸಹಿ ಹಾಕಿದವರು ನಿಮಗೆ ಪರಿಚಿತರಾಗಿದ್ದರೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ವಾರ್ಡಿನವರಿಗೆ ಇದರಲ್ಲಿ ಎಷ್ಟು ಸೀಟು ಇಟ್ಟಿದ್ದೀರಿ?’